ಪಿಕಳಾರದ ಮರಿ ಗೂಡಿನಿಂದ ಕೆಳಗೆ ಬಿದ್ದಿದೆ, ಸಾಕಬಹುದಾ?

ಪ್ರಶ್ನೆ: ಮೈಸೂರಿನಲ್ಲಿ ನಮ್ಮದು ನೆಲಮಹಡಿಯ ಮನೆ. ಪೋರ್ಟಿಕೋದ ಗ್ರಿಲ್‌ಗೆ ಹಬ್ಬಿಸಿದ ಮನಿ ಪ್ಲಾಂಟ್ ಬಳ್ಳಿಯಲ್ಲಿ ಜುಟ್ಟಿನ ಪಿಕಳಾರ ಗೂಡು ಕಟ್ಟಿ ಎರಡು ಮರಿ ಮಾಡಿದೆ. ನಿನ್ನೆ ಸಂಜೆ ಒಂದು ಮರಿ ಕೆಳಗೆ ಕೂತಿತ್ತು. ಮೈತುಂಬ ಪುಕ್ಕ ಇದೆ, ಬಾಲ ಮಾತ್ರ ಮೊಂಡು. ಕುಪ್ಪಳಿಸುತ್ತದೆ, ಹಾರಲು ಬರುವುದಿಲ್ಲ. ಪಕ್ಕದ ಮನೆಯ ಬೆಕ್ಕಿಗೆ ಹೆದರಿ ರಟ್ಟಿನ ಡಬ್ಬದಲ್ಲಿಟ್ಟು ಅಡುಗೆಮನೆಗೆ ತಂದೆವು. ಮಗ ಇಂಕ್ ಫಿಲ್ಲರ್‌ನಲ್ಲಿ ನೀರು ಹಾಕಿದ, ಹಾಲಲ್ಲಿ ನೆನೆಸಿದ ಬ್ರೆಡ್ಡನ್ನೂ ಸ್ವಲ್ಪ ತಿನ್ನಿಸಿದ. ಮನುಷ್ಯರು ಮುಟ್ಟಿದ ಮರಿಯನ್ನು ತಾಯಿ ಮತ್ತೆ ಸೇರಿಸುವುದಿಲ್ಲ ಅಂತ ನಮ್ಮತ್ತೆ ಹೇಳುತ್ತಾರೆ. ಬೆಳಿಗ್ಗೆಯಿಂದ ದೊಡ್ಡ ಹಕ್ಕಿಗಳು ಕಿಟಕಿಯ ಹತ್ತಿರ ಒಂದೇ ಸಮನೆ ಕೂಗುತ್ತಿವೆ. ಮರಿಯನ್ನು ನಾವೇ ಸಾಕಬಹುದಾ? ಅಥವಾ ಏನು ಮಾಡಬೇಕು?

ಉತ್ತರ: ಸಾಕುವುದು ಬೇಡ. ಡಬ್ಬವನ್ನು ಈಗಲೇ ಹೊರಗೆ ತನ್ನಿ.

ನೀವು ಕೊನೆಯಲ್ಲಿ ಬರೆದ ಒಂದು ಸಾಲಿದೆ ನೋಡಿ, ದೊಡ್ಡ ಹಕ್ಕಿಗಳು ಕಿಟಕಿ ಹತ್ತಿರ ಕೂಗುತ್ತಿವೆ ಅಂತ. ನನಗೆ ಬೇಕಾಗಿದ್ದೇ ಅದು. ಅಪ್ಪ ಅಮ್ಮ ಇಬ್ಬರೂ ಬದುಕಿದ್ದಾರೆ, ಮರಿ ಎಲ್ಲಿದೆ ಎಂದೂ ಅವಕ್ಕೆ ಗೊತ್ತು. ಗೋಡೆ ಮಾತ್ರ ಅಡ್ಡ ಇದೆ. ಒಂದು ರಾತ್ರಿ ಕಳೆದರೂ ಅವು ಮರಿಯನ್ನು ಕೈಬಿಟ್ಟಿಲ್ಲ. ಪಕ್ಕದಲ್ಲೇ ಗೂಡಿನಲ್ಲಿ ಇನ್ನೊಂದು ಮರಿ ಇರುವುದರಿಂದ ಆ ಜಾಗ ಬಿಟ್ಟು ಹೋಗುವುದೂ ಇಲ್ಲ.

ನೀವು ಹೇಳಿದ ಗುರುತು ನೋಡಿದರೆ ಮರಿ 'ಬಿದ್ದಿಲ್ಲ', ಗೂಡು ಬಿಟ್ಟು ಹೊರಟಿದೆ. ಪಿಕಳಾರದ ಮರಿಗಳು ಮೊಟ್ಟೆ ಒಡೆದು ಸುಮಾರು ಹನ್ನೆರಡು ದಿನಕ್ಕೆಲ್ಲ ಗೂಡಿನಿಂದ ಇಳಿಯುತ್ತವೆ. ಆಗ ರೆಕ್ಕೆಯ ಗರಿ ಅರ್ಧ ಬೆಳೆದಿರುತ್ತದೆ, ಬಾಲ ಗೇಣಿರಲಿ, ಬೆರಳಿನ ಉಗುರಿನಷ್ಟೂ ಇರುವುದಿಲ್ಲ. ಹಾರಾಟ ಕಲಿಯುವುದು ಆಮೇಲೆ. ಮೊದಲ ಕೆಲವು ದಿನ ನೆಲದಲ್ಲಿ, ಕುಂಡದ ಹಿಂದೆ, ಪೊದೆಯ ಕೆಳಗೆ ಕೂತು ಚೀ ಚೀ ಅಂತ ಕರೆಯುತ್ತಿರುತ್ತವೆ. ಅಪ್ಪ ಅಮ್ಮ ಆ ಕೂಗಿನ ಜಾಡು ಹಿಡಿದು ಬಂದು ತಿನ್ನಿಸಿ ಹೋಗುತ್ತವೆ. ನೋಡುವವರಿಗೆ 'ಅಯ್ಯೋ ಅನಾಥ' ಅನ್ನಿಸುತ್ತದೆ. ಪ್ರತಿ ಬೇಸಿಗೆಯಲ್ಲೂ ಜನ ಎತ್ತಿ ತರುವ ಮರಿಗಳಲ್ಲಿ ಜಾಸ್ತಿ ಇಂಥವೇ. ಕಷ್ಟದಲ್ಲಿರಲಿಲ್ಲ, ಎತ್ತಿದ್ದರಿಂದ ಕಷ್ಟಕ್ಕೆ ಬಿದ್ದವು.

ಇನ್ನೊಂದು ಮಾತು. ಮರಿಯ ಕಣ್ಣಿನ ಹಿಂದೆ ದೊಡ್ಡದಕ್ಕಿರುವ ಕೆಂಪು ಚುಕ್ಕೆ ಕಾಣದಿದ್ದರೆ, ಬಾಲದ ಬುಡ ಕಡುಗೆಂಪಿನ ಬದಲು ಪೇಲವ ಕಿತ್ತಳೆಯಾಗಿದ್ದರೆ ಗಾಬರಿ ಬೇಡ. ಚಿಕ್ಕದರಲ್ಲಿ ಅವು ಹಾಗೇ ಇರುತ್ತವೆ. ಬಣ್ಣ ಆಮೇಲೆ ಬರುತ್ತದೆ.

ಹೊರಗೆ ಬಿಡುವ ಮುಂಚೆ ಒಂದು ನಿಮಿಷ ಮರಿಯನ್ನು ನೋಡಿ. ಕೈ ತೊಳೆದುಕೊಂಡು, ತೆಳ್ಳನೆಯ ಬಟ್ಟೆಯಲ್ಲಿ ಸಡಿಲವಾಗಿ ಹಿಡಿಯಿರಿ. ಎದೆಯನ್ನು ಒತ್ತಬೇಡಿ. ನಮಗಿರುವಂತೆ ಹಕ್ಕಿಗೆ ವಪೆ (ಎದೆ ಮತ್ತು ಹೊಟ್ಟೆಯ ನಡುವೆ ಉಸಿರಾಟಕ್ಕೆ ನೆರವಾಗುವ ಸ್ನಾಯುಪದರ) ಇಲ್ಲ, ಎದೆಗೂಡು ಹಿಗ್ಗಿ ಕುಗ್ಗಿದರೆ ಮಾತ್ರ ಅದಕ್ಕೆ ಉಸಿರು. ಮಕ್ಕಳು ಪ್ರೀತಿಯಿಂದ ಬಿಗಿಯಾಗಿ ಹಿಡಿದುಕೊಂಡೇ ಎಷ್ಟೋ ಮರಿಗಳು ಉಸಿರುಗಟ್ಟಿವೆ. ಹೊಟ್ಟೆ ಬೆಚ್ಚಗಿದೆಯಾ? ಎರಡೂ ರೆಕ್ಕೆ ಸಮವಾಗಿ ಮಡಿಚಿಕೊಂಡಿವೆಯಾ, ಒಂದು ಜೋತುಬಿದ್ದಿದೆಯಾ? ನಿಮ್ಮ ಬೆರಳು ಕೊಟ್ಟರೆ ಕಾಲಿನಿಂದ ಗಟ್ಟಿಯಾಗಿ ಹಿಡಿಯುತ್ತದಾ? ರಕ್ತ, ಗಾಯ, ತೂತು ಏನಾದರೂ ಇದೆಯಾ? ಇಷ್ಟು ಸಾಕು. ಬೆಚ್ಚಗಿದ್ದು, ಕಾಲು ಹಿಡಿತ ಇದ್ದು, ಕಣ್ಣು ಚುರುಕಾಗಿದ್ದರೆ ಅದು ಆರೋಗ್ಯವಾಗಿದೆ. ನಿಮ್ಮ ಕೈಯಿಂದ ಜಿಗಿಯಲು ಒದ್ದಾಡಿದರೆ ಇನ್ನೂ ಒಳ್ಳೆಯದು.

ಆಮೇಲೆ ಗೂಡಿನ ಬುಡದಲ್ಲೇ, ನೆಲದಿಂದ ಸ್ವಲ್ಪ ಎತ್ತರದಲ್ಲಿ, ಎಲೆ ದಟ್ಟವಾಗಿರುವ ಕಡೆ ಕೂರಿಸಿ. ನಿಮ್ಮ ಮನಿ ಪ್ಲಾಂಟ್ ಬಳ್ಳಿಯ ಕೆಳಭಾಗ ಆಗುತ್ತದೆ. ಪಕ್ಕದಲ್ಲಿ ದಾಸವಾಳ, ಕರಿಬೇವು, ಮಲ್ಲಿಗೆ ಏನಿದ್ದರೂ ಆದೀತು. ರೆಂಬೆ ಕಾಲಿನ ಹಿಡಿತಕ್ಕೆ ಸಿಗುವಷ್ಟು ಸಣ್ಣದಿರಬೇಕು, ಮೇಲೆ ನೆರಳಿರಬೇಕು.

ಗೂಡಿಗೇ ವಾಪಸ್ ಹಾಕಬೇಕಾ? ನಿಮ್ಮ ಮರಿಯ ವಯಸ್ಸಿಗೆ ಬೇಡ. ಹಾಕಿದರೂ ಮತ್ತೆ ಹಾರಿ ಬೀಳುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ನಿಮ್ಮ ಕೈ ಗೂಡಿನ ಬಾಯಿಗೆ ಬಂದ ಕೂಡಲೇ ಒಳಗಿರುವ ಎರಡನೇ ಮರಿ ಹೆದರಿ ಜಿಗಿಯಬಹುದು. ಅದಕ್ಕೆ ಇನ್ನೂ ಒಂದೆರಡು ದಿನ ಬೇಕಿದ್ದರೆ? ಫೋಟೋ ತೆಗೆಯಲು ಮೊಬೈಲನ್ನು ಗೂಡಿನ ಹತ್ತಿರ ಹಿಡಿಯುವುದರಿಂದಲೂ ಇದೇ ಆಗುತ್ತದೆ. ಇಲ್ಲಿಯವರೆಗೆ ಸುಮ್ನೆ ಕೂತಿದ್ದ ಮರಿಗಳು ಕೊನೆಯ ಎರಡು ಮೂರು ದಿನ ಮಾತ್ರ ಹೀಗೆ ಸಿಡಿಯುತ್ತವೆ.

ಈಗ ಅತ್ತೆಯವರ ಮಾತು. ಮುಟ್ಟಬೇಡಿ ಎಂದಿದ್ದು ಸರಿ, ಕಾರಣ ಮಾತ್ರ ಸರಿಯಿಲ್ಲ. ಮನುಷ್ಯರ ವಾಸನೆ ಬಂತು ಅಂತ ಪಿಕಳಾರ ತನ್ನ ಮರಿಯನ್ನು ಬಿಡುವುದಿಲ್ಲ. ಅದು ಮರಿಯನ್ನು ಗುರುತಿಸುವುದು ಕೂಗಿನಿಂದ ಮತ್ತು ತೆರೆದ ಬಾಯಿಯಿಂದ. ಹಸಿದ ಮರಿ ಬಾಯಿ ತೆರೆದರೆ ಒಳಗಿನ ಕೆಂಪು, ಸುತ್ತಲಿನ ದಪ್ಪ ತಿಳಿಹಳದಿ ಅಂಚು ಎದ್ದು ಕಾಣುತ್ತವೆ. ಅದನ್ನು ಕಂಡ ಹೆತ್ತ ಹಕ್ಕಿಗೆ ತಿನ್ನಿಸದೆ ಇರಲು ಆಗುವುದಿಲ್ಲ. ಅವು ಹತ್ತಿರ ಬರದೇ ಇರುವುದಕ್ಕೆ ಕಾರಣ ವಾಸನೆಯಲ್ಲ, ನಾವು. ನಾವು ಅಲ್ಲೇ ನಿಂತು 'ಬಂತಾ, ಬಂತಾ' ಅಂತ ಕಾಯುತ್ತಿರುತ್ತೇವಲ್ಲ, ಅದಕ್ಕೆ. ಹಾಗಾಗಿ ಮರಿಯನ್ನು ಕೂರಿಸಿ ಎಲ್ಲರೂ ಒಳಗೆ ಹೋಗಿ. ಕಿಟಕಿ ಪರದೆಯ ಹಿಂದಿನಿಂದ ನೋಡಿ. ಗಂಟೆಯೊಳಗೆ ಒಂದು ಹಕ್ಕಿ ಕೊಕ್ಕಿನಲ್ಲಿ ಹುಳುವನ್ನೋ ಹಣ್ಣಿನ ಚೂರನ್ನೋ ಹಿಡಿದು ಬರುವುದು ಕಂಡರೆ ನಿಮ್ಮ ಕೆಲಸ ಮುಗಿಯಿತು. ನೇರವಾಗಿ ಮರಿಯ ಹತ್ತಿರ ಬರುವುದಿಲ್ಲ. ಮೊದಲು ಎರಡು ಮೂರು ಕಡೆ ಕೂತು, ಸುತ್ತ ನೋಡಿ, ಆಮೇಲೆ ಇಳಿದು ತಿನ್ನಿಸಿ ಸೆಕೆಂಡಿನಲ್ಲಿ ಹೊರಟುಬಿಡುತ್ತದೆ. ಕಣ್ಣು ಮಿಟುಕಿಸಿದರೆ ತಪ್ಪಿಹೋಗುತ್ತದೆ, ತಾಳ್ಮೆ ಬೇಕು. ನಿಮ್ಮ ಮಗನಿಗೆ ಈ ಕೆಲಸ ಒಪ್ಪಿಸಿ. ಎಷ್ಟು ಹೊತ್ತಿಗೊಮ್ಮೆ ಬರುತ್ತವೆ, ಏನು ತರುತ್ತವೆ ಅಂತ ಬರೆದಿಡಲಿ. ಫಿಲ್ಲರ್ ಹಿಡಿಯುವುದಕ್ಕಿಂತ ಇದು ಒಳ್ಳೆಯ ಕೆಲಸ.

ಮೂರು ನಾಲ್ಕು ಗಂಟೆ ಕಳೆದರೂ ಯಾವ ಹಕ್ಕಿಯೂ ಬರದೆ, ಮರಿ ಕೂಗುವುದನ್ನೂ ನಿಲ್ಲಿಸಿ, ಪುಕ್ಕ ಉಬ್ಬಿಸಿ ಕಣ್ಣು ಮುಚ್ಚಿ ಕೂತರೆ ಮಾತ್ರ ಮುಂದಿನ ಯೋಚನೆ. ಅದನ್ನು ಕೆಳಗೆ ಹೇಳುತ್ತೇನೆ.

ಫಿಲ್ಲರ್ ವಿಷಯಕ್ಕೆ ಬರೋಣ. ಮಗನನ್ನು ಬೈಯಬೇಡಿ, ಎಲ್ಲರೂ ಇದನ್ನೇ ಮಾಡುತ್ತಾರೆ. ಆದರೆ ಇನ್ನು ಮುಂದೆ ಬೇಡ. ಮರಿ ಬಾಯಿ ತೆರೆದಾಗ ಒಳಗೆ ನೋಡಿ: ನಾಲಿಗೆಯ ಬುಡದಲ್ಲಿ ಒಂದು ಸಣ್ಣ ಸೀಳು ತೆರೆದು ಮುಚ್ಚುತ್ತಿರುತ್ತದೆ. ಅದು ಶ್ವಾಸನಾಳದ ಬಾಯಿ. ಫಿಲ್ಲರ್‌ನ ನೀರು ಮೊದಲು ಬೀಳುವುದು ಅಲ್ಲಿಗೇ. ಒಂದೆರಡು ಹನಿ ಒಳಗೆ ಹೋದರೂ ಶ್ವಾಸಕೋಶಕ್ಕೆ ಸೇರುತ್ತದೆ. ಮರಿ ಆಗಲೇ ಸಾಯಬಹುದು, ಅಥವಾ ಎರಡು ದಿನ ಬಿಟ್ಟು ನ್ಯುಮೋನಿಯಾ ಆಗಿ ಸಾಯಬಹುದು. ಹೆತ್ತ ಹಕ್ಕಿಗಳು ಮರಿಗೆ ನೀರನ್ನೇ ಕುಡಿಸುವುದಿಲ್ಲ. ಹುಳುವಿನಲ್ಲಿ, ಹಣ್ಣಿನಲ್ಲಿ ಇರುವ ನೀರೇ ಮರಿಗೆ ಸಾಕು. ಹಾಲಂತೂ ಯಾವ ಹಕ್ಕಿಗೂ ಆಗದು. ಅದನ್ನು ಅರಗಿಸುವ ಶಕ್ತಿ ಹಕ್ಕಿಯ ಕರುಳಿಗಿಲ್ಲ, ಭೇದಿಯಾಗಿ ಮರಿ ಒಣಗುತ್ತದೆ. ಬ್ರೆಡ್, ಅನ್ನ, ಬಿಸ್ಕತ್ತು ಹೊಟ್ಟೆ ತುಂಬಿಸುತ್ತವೆ ಅಷ್ಟೆ. ದಿನದಿನಕ್ಕೂ ಮೂಳೆ ಬೆಳೆಯುವ ಪ್ರಾಯದಲ್ಲಿ ಬೇಕಾದ ಪ್ರೋಟೀನ್, ಕ್ಯಾಲ್ಸಿಯಂ ಅದರಲ್ಲಿಲ್ಲ. ನಿನ್ನೆ ಕೊಟ್ಟಿದ್ದು ಸ್ವಲ್ಪವೇ ಆದರೆ ಚಿಂತೆ ಬೇಡ. ಉಸಿರಾಡುವಾಗ ಟಿಕ್ ಟಿಕ್ ಅಥವಾ ಗೊರ ಗೊರ ಸದ್ದು ಬರುತ್ತಿದ್ದರೆ, ಬಾಯಿ ತೆರೆದೇ ಉಸಿರಾಡುತ್ತಿದ್ದರೆ ಮಾತ್ರ ಹೊರಗೆ ಬಿಡದೆ ಪಶುವೈದ್ಯರಿಗೆ ತೋರಿಸಿ.

ಬೆಕ್ಕಿನ ಭಯ ನಿಜವಾದದ್ದು. ಇದೊಂದರಲ್ಲಿ ನೀವು ಮಧ್ಯೆ ಬರಲೇಬೇಕು. ಪಕ್ಕದ ಮನೆಯವರಿಗೆ ಹೇಳಿ, ಒಂದು ವಾರದ ಮಟ್ಟಿಗೆ ಬೆಕ್ಕನ್ನು ಹಗಲು ಒಳಗಿಟ್ಟುಕೊಳ್ಳಲು ಕೇಳಿಕೊಳ್ಳಿ. ಒಪ್ಪದಿದ್ದರೆ ನಿಮ್ಮ ಮನೆಯಿಂದ ಯಾರಾದರೂ ಒಬ್ಬರು ಪೋರ್ಟಿಕೋ ಕಡೆ ಕಿವಿ ಇಟ್ಟಿರಿ. ಪಿಕಳಾರಗಳೇ ನಿಮಗೆ ಕಾವಲು. ಬೆಕ್ಕೋ ಕೆಂಬೂತವೋ ಕಂಡರೆ ಜುಟ್ಟು ನಿಮಿರಿಸಿಕೊಂಡು ಗಲಾಟೆ ಎಬ್ಬಿಸುತ್ತವೆ. ಆ ಸದ್ದು ಕೇಳಿ ಹೊರಗೆ ಬಂದು ಓಡಿಸಿ. ಕತ್ತಲಾಗುವ ಮುನ್ನ ಮರಿ ಇನ್ನೂ ನೆಲದಲ್ಲೇ ಇದ್ದರೆ ಎತ್ತಿ ಬಳ್ಳಿಯ ಮೇಲುಭಾಗದಲ್ಲಿ, ಬೆಕ್ಕಿಗೆ ಎಟುಕದ ಎತ್ತರದಲ್ಲಿ ಕೂರಿಸಿ. ರಾತ್ರಿ ಪೋರ್ಟಿಕೋ ದೀಪ ಆರಿಸಿ. ಪಿಕಳಾರಗಳು ರಾತ್ರಿ ತಿನ್ನಿಸುವುದಿಲ್ಲ, ಆದ್ದರಿಂದ ಮರಿ ಹಸಿದಿರುತ್ತದೆ ಅಂತ ಮತ್ತೆ ಒಳಗೆ ತರುವ ಅಗತ್ಯ ಇಲ್ಲ.

ಆದರೆ ಬೆಕ್ಕು ಒಮ್ಮೆ ಕಚ್ಚಿದ್ದರೆ ಕತೆ ಬೇರೆ. ಹೊರಗೆ ಗಾಯವೇ ಕಾಣದಿರಬಹುದು, ಸೂಜಿ ಮೊನೆಯಷ್ಟು ತೂತು ಇರಬಹುದು. ಬೆಕ್ಕಿನ ಬಾಯಿಯಲ್ಲಿರುವ ಪಾಶ್ಚುರೆಲ್ಲ ಎಂಬ ಬ್ಯಾಕ್ಟೀರಿಯಾ ಹಕ್ಕಿಯ ರಕ್ತಕ್ಕೆ ಸೇರಿದರೆ ಒಂದೆರಡು ದಿನದಲ್ಲಿ ಕೊಲ್ಲುತ್ತದೆ. ಬೆಕ್ಕಿನ ಬಾಯಿಗೆ ಹೋಗಿ ಬಂದ ಮರಿ ಎಷ್ಟೇ ಚೆನ್ನಾಗಿ ಕಂಡರೂ ಅದೇ ದಿನ ವೈದ್ಯರ ಹತ್ತಿರ ಹೋಗಬೇಕು, ಆಂಟಿಬಯಾಟಿಕ್ ಬೇಕು. 'ಸ್ವಲ್ಪ ನೋಡೋಣ' ಅನ್ನುವ ಹಾಗಿಲ್ಲ.

ನಿಮ್ಮ ಪತ್ರದಲ್ಲಿ ಇಲ್ಲದಿದ್ದರೂ ಇದನ್ನು ಹೇಳಲೇಬೇಕು, ಏಕೆಂದರೆ ಬೇಸಿಗೆ ಮಳೆಗಾಳಿ ಬಂದ ಮರುದಿನ ಎಲ್ಲರೂ ಕೇಳುವುದು ಇದನ್ನೇ. ಕೆಳಗೆ ಬಿದ್ದ ಮರಿಗೆ ಕಣ್ಣೇ ಬಿಟ್ಟಿಲ್ಲ, ಮೈ ಬೋಳು, ಅಥವಾ ಪುಕ್ಕ ಇನ್ನೂ ಬೂದುಬಣ್ಣದ ಸಣ್ಣ ಕೊಳವೆಗಳೊಳಗೇ ಇದೆ ಅಂದರೆ, ಅದು ನಿಜವಾಗಿಯೂ ಬಿದ್ದ ಮರಿ. ಅದನ್ನು ಗೂಡಿಗೇ ಸೇರಿಸಬೇಕು. ಆದರೆ ಅದಕ್ಕೂ ಮುಂಚೆ ಬೆಚ್ಚಗೆ ಮಾಡಬೇಕು. ತಣ್ಣಗಾದ ಮರಿಯನ್ನು ಗೂಡಿಗೆ ಹಾಕಿದರೆ ಅದು ಬಾಯಿ ತೆರೆಯುವುದಿಲ್ಲ, ಬಾಯಿ ತೆರೆಯದ ಮರಿಗೆ ತಾಯಿ ತಿನ್ನಿಸುವುದಿಲ್ಲ. ಕೆಲವೊಮ್ಮೆ ಸತ್ತಿದೆ ಎಂದೇ ಎತ್ತಿ ಹೊರಹಾಕುತ್ತದೆ. ಜನ 'ನೋಡಿ, ಮುಟ್ಟಿದ್ದಕ್ಕೆ ಸೇರಿಸಲಿಲ್ಲ' ಅನ್ನುವುದು ಇಂಥ ಕಡೆಯೇ. ನೀರಿನ ಬಾಟಲಿಗೆ ಬೆಚ್ಚನೆಯ ನೀರು ತುಂಬಿ, ಬಟ್ಟೆ ಸುತ್ತಿ, ಮರಿಯ ಪಕ್ಕ ಇಡಿ. ಮಳೆಯಲ್ಲಿ ನೆನೆದಿದ್ದರೆ ಬಟ್ಟೆಯಿಂದ ಒತ್ತಿ ಒರೆಸಿ, ಉಜ್ಜಬೇಡಿ. ಹೇರ್ ಡ್ರೈಯರ್ ಬೇಡ. ಇರುವೆ ಮುತ್ತಿದ್ದರೆ ಮೆತ್ತನೆಯ ಬ್ರಷ್‌ನಿಂದ ಒಂದೊಂದನ್ನೇ ತೆಗೆಯಿರಿ, ಸ್ಪ್ರೇ ಹೊಡೆಯಲೇಬೇಡಿ. ಮರಿಯ ಹೊಟ್ಟೆ ನಿಮ್ಮ ಬೆರಳಿಗೆ ಬೆಚ್ಚಗೆ ತಾಗಿದ ಮೇಲೆ ಗೂಡಿನಲ್ಲಿ ಇಡಿ.

ಗೂಡೇ ಕಿತ್ತು ಬಿದ್ದಿದ್ದರೆ? ಪಿಕಳಾರದ ಗೂಡು ನಾರು, ಕಡ್ಡಿ, ಬೇರುಗಳ ಸಣ್ಣ ಬಟ್ಟಲು. ಅದು ಹಾಳಾಗದಿದ್ದರೆ ಅದನ್ನೇ, ಹಾಳಾಗಿದ್ದರೆ ಅಂಗೈ ಅಗಲದ ಬಿದಿರಿನ ಬುಟ್ಟಿಯನ್ನೋ ತೆಂಗಿನ ಚಿಪ್ಪನ್ನೋ ಬಳಸಿ. ಚಿಪ್ಪಾದರೆ ತಳದಲ್ಲಿ ಎರಡು ಮೂರು ತೂತು ಕೊರೆಯಿರಿ, ಇಲ್ಲದಿದ್ದರೆ ಮುಂದಿನ ಮಳೆಗೆ ಅದೇ ಬಾವಿಯಾಗುತ್ತದೆ. ಒಳಗೆ ಒಣಹುಲ್ಲು, ತೆಂಗಿನ ನಾರು ಹಾಸಿ. ಹತ್ತಿ ಬೇಡ, ಅದರ ಎಳೆ ಕಾಲಿಗೆ ಸುತ್ತಿಕೊಳ್ಳುತ್ತದೆ. ಹಳೆಯ ಗೂಡಿದ್ದ ಜಾಗದಲ್ಲೇ, ಸಾಧ್ಯವಾಗದಿದ್ದರೆ ಒಂದೆರಡು ಅಡಿಯೊಳಗೆ, ಅಲುಗಾಡದ ಹಾಗೆ ಕಟ್ಟಿ. ಮೇಲೆ ನೇರ ಬಿಸಿಲು ಬೀಳಬಾರದು. ಇಷ್ಟು ಮಾಡಿದರೆ ಅಪ್ಪ ಅಮ್ಮ ಬುಟ್ಟಿಗೇ ಬಂದು ತಿನ್ನಿಸುತ್ತವೆ. ಬಿದಿರು ಬುಟ್ಟಿಯ ಅಂಚಿನಲ್ಲಿ ಕೂತು, ತಿನ್ನಿಸಿ, ಮರಿ ಹಿಂಭಾಗ ಎತ್ತಿ ಹಾಕುವ ಬಿಳಿ ಚೀಲದಂಥ ಹಿಕ್ಕೆಯನ್ನು ಕೊಕ್ಕಿನಲ್ಲಿ ಎತ್ತಿಕೊಂಡು ಹೋಗುವುದನ್ನು ನೋಡಿದರೆ, ಗೂಡು ಬದಲಾದದ್ದು ಅವಕ್ಕೆ ಗೊತ್ತೇ ಇಲ್ಲವೇನೋ ಅನ್ನಿಸುತ್ತದೆ.

ಸೂರಕ್ಕಿಯ ತೂಗುಗೂಡು ಕಿತ್ತು ಬಿದ್ದರೆ ಅದೇ ರೆಂಬೆಗೆ ದಾರದಲ್ಲಿ ಕಟ್ಟಿದರೆ ಸಾಕು. ಕಾಗೆ ಮರಿ ಕೆಳಗಿದ್ದರೆ ಹತ್ತಿರ ಹೋಗದಿರುವುದೇ ಜಾಣತನ, ತಲೆಗೆ ಕುಕ್ಕಿಸಿಕೊಳ್ಳುತ್ತೀರಿ. ಹದ್ದಿನ ಮರಿಗೆ ಕೈ ಹಾಕಬೇಡಿ, ತಿಳಿದವರನ್ನು ಕರೆಯಿರಿ. ಸಜ್ಜಾ ಮೇಲೆ ಕಣಜ ಗೂಬೆಯ ಬಿಳಿ ಮರಿಗಳು ಕಂಡರೆ ಅಪಶಕುನ ಅಂತ ಹೆದರುವುದೂ ಬೇಡ, ಹಗಲಿಡೀ ತಾಯಿ ಬರಲಿಲ್ಲ ಅಂತ ಎತ್ತುವುದೂ ಬೇಡ. ಅದು ಇಲಿ ಹಿಡಿದು ತರುವುದೇ ರಾತ್ರಿ.

ಇನ್ನು ಸಾಕುವ ಪ್ರಶ್ನೆ. ಕಾನೂನು ಮೊದಲು ಹೇಳಿಬಿಡುತ್ತೇನೆ: 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ನಮ್ಮ ಕಾಡುಹಕ್ಕಿಗಳನ್ನು ಹಿಡಿದು ಮನೆಯಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ. ಪಿಕಳಾರವೂ ಅಷ್ಟೆ, ಗಿಳಿಯೂ ಅಷ್ಟೆ. ಅದೇ ಕಾಯ್ದೆಯಲ್ಲಿ ಬೇಟೆ ಎನ್ನುವುದರ ಅರ್ಥದೊಳಗೆ ಹಕ್ಕಿಯ ಮೊಟ್ಟೆಗೆ ಹಾನಿ ಮಾಡುವುದು, ಗೂಡನ್ನು ಕೆದಕುವುದು ಕೂಡ ಬರುತ್ತದೆ. ಪೇಂಟಿಂಗ್ ಮಾಡಿಸಬೇಕು ಅಂತ ಮೊಟ್ಟೆ ಇರುವ ಗೂಡು ಕಿತ್ತೆಸೆಯುವವರು ಇದನ್ನು ತಿಳಿದಿರಲಿ. ಒಂದು ಕಾಲದಲ್ಲಿ ಈ ಹಕ್ಕಿಯನ್ನು ಪಂಜರದಲ್ಲಿ ಸಾಕುವ ಹುಚ್ಚು ಎಷ್ಟಿತ್ತೆಂದರೆ, ಹೊರದೇಶಕ್ಕೆ ಒಯ್ದ ಹಕ್ಕಿಗಳಿಂದಲೇ ಇಂದು ಮಾರಿಷಸ್‌ನಲ್ಲಿ, ಆಸ್ಟ್ರೇಲಿಯಾದ ಸಿಡ್ನಿಯಲ್ಲಿ, ಅಮೆರಿಕದ ಫ್ಲೋರಿಡಾದಲ್ಲಿ ಜುಟ್ಟಿನ ಪಿಕಳಾರಗಳಿವೆ.

ಆದರೆ ಕಾನೂನು ಇಲ್ಲದಿದ್ದರೂ ನನ್ನ ಉತ್ತರ ಇದೇ. ಬೆಳಗಾದದ್ದರಿಂದ ಕತ್ತಲಾಗುವವರೆಗೆ ಹತ್ತಿಪ್ಪತ್ತು ನಿಮಿಷಕ್ಕೊಮ್ಮೆ ತಿನ್ನಿಸುವುದು ನಿಮ್ಮಿಂದ ಆಗುತ್ತದೆ ಅಂತಲೇ ಇಟ್ಟುಕೊಳ್ಳೋಣ. ಮರಿ ಬದುಕಿ ಬೆಳೆಯಿತು ಅಂತಲೂ ಇಟ್ಟುಕೊಳ್ಳೋಣ. ಆಮೇಲೆ? ಗೂಡು ಬಿಟ್ಟ ಮೇಲಿನ ಎರಡು ವಾರದಲ್ಲಿ ಮರಿ ಕಲಿಯುವುದು ಬರೀ ಹಾರುವುದನ್ನಲ್ಲ. ಯಾವ ಹಣ್ಣು ತಿನ್ನಬಹುದು, ಕೀಟವನ್ನು ಹೇಗೆ ಹಿಡಿಯಬೇಕು, ಯಾವ ಕೂಗು ಕೇಳಿದರೆ ಪೊದೆಗೆ ನುಗ್ಗಬೇಕು, ಬೆಕ್ಕು ಅಂದರೆ ಏನು, ಎಲ್ಲವನ್ನೂ ಅಪ್ಪ ಅಮ್ಮನ ಹಿಂದೆ ಮುಂದೆ ಹಾರಾಡಿಕೊಂಡೇ ಕಲಿಯುತ್ತದೆ. ಒಂಟಿಯಾಗಿ ಮನುಷ್ಯರ ಕೈಯಲ್ಲಿ ಬೆಳೆದ ಮರಿಗೆ ಇದು ಯಾವುದೂ ಗೊತ್ತಿರುವುದಿಲ್ಲ. ಹೊರಗೆ ಬಿಟ್ಟ ದಿನ ಯಾರದೋ ಹೆಗಲ ಮೇಲೆ ಹೋಗಿ ಕೂರುತ್ತದೆ, ಅವರು ಕೈ ಬೀಸಿ ಹೊಡೆಯುತ್ತಾರೆ.

ನಿಜಕ್ಕೂ ಹೆತ್ತವರಿಲ್ಲದ, ಗಾಯವಾದ, ರೆಕ್ಕೆ ಮುರಿದ ಮರಿ ಆಗಿದ್ದರೆ ತಜ್ಞರಿಗೆ ಕೊಡಬೇಕು. ಮೈಸೂರಿನಲ್ಲಿ ಪೀಪಲ್ ಫಾರ್ ಅನಿಮಲ್ಸ್ ಎಂಬ ಪ್ರಾಣಿ ರಕ್ಷಣಾ ಸಂಸ್ಥೆ ಇದೆ. ಬೆಂಗಳೂರಿನವರಾದರೆ ಕೆಂಗೇರಿ ಕಡೆ ಅದೇ ಹೆಸರಿನ ವನ್ಯಜೀವಿ ಆಸ್ಪತ್ರೆ ಇದೆ. ಬೇರೆ ಊರಿನವರು ಅರಣ್ಯ ಇಲಾಖೆಯ ವಲಯ ಕಚೇರಿಗೆ ಅಥವಾ ಸರ್ಕಾರಿ ಪಶು ಆಸ್ಪತ್ರೆಗೆ ಫೋನ್ ಮಾಡಿ. ಹೋಗುವವರೆಗೆ ಗಾಳಿಗೆ ತೂತು ಮಾಡಿದ ರಟ್ಟಿನ ಡಬ್ಬ, ಒಳಗೆ ಹಳೆಯ ಹತ್ತಿ ಬಟ್ಟೆ, ಒಂದು ಬದಿಗೆ ಮಾತ್ರ ಬೆಚ್ಚನೆಯ ಬಾಟಲಿ. ಬಿಸಿ ಜಾಸ್ತಿಯಾದರೆ ಮರಿ ಇನ್ನೊಂದು ಬದಿಗೆ ಸರಿಯಲು ಜಾಗ ಇರಬೇಕು. ಡಬ್ಬ ಮುಚ್ಚಿ ಕತ್ತಲಲ್ಲಿಡಿ, ಫ್ಯಾನು ಟಿವಿಯಿಂದ ದೂರ ಇಡಿ, ಪದೇ ಪದೇ ತೆರೆದು ನೋಡಬೇಡಿ. ಪಂಜರ ಬೇಡ, ಸರಳಿಗೆ ಬಡಿದುಕೊಂಡು ಗರಿ ಮುರಿದುಕೊಳ್ಳುತ್ತವೆ. ತಿನ್ನಲು ಕೊಡಬೇಕಾ ಎನ್ನುವುದನ್ನು ಫೋನಿನಲ್ಲೇ ಅವರನ್ನು ಕೇಳಿ, ಅವರು ಹೇಳಿದ್ದನ್ನು ಮಾತ್ರ ಕೊಡಿ. ಯಾವ ಜಾಗದಲ್ಲಿ ಸಿಕ್ಕಿತು ಅಂತ ಬರೆದಿಡಿ, ವಾಸಿಯಾದ ಮೇಲೆ ಅಲ್ಲಿಗೇ ಬಿಡಲು ಅನುಕೂಲ.

ಮಹಡಿಯ ಮನೆಯವರಿಗೂ ಒಂದು ಮಾತು. ಮೂರನೇ ಮಹಡಿಯ ಬಾಲ್ಕನಿಯಿಂದ ಪುಕ್ಕ ಬಂದ ಮರಿ ಕೆಳಗಿನ ಪಾರ್ಕಿಂಗ್‌ಗೆ ಇಳಿದಿದ್ದರೆ ಮತ್ತೆ ಮೇಲಕ್ಕೆ ಹೊತ್ತೊಯ್ಯಬೇಕಿಲ್ಲ. ಕಟ್ಟಡದ ಅದೇ ಬದಿಯಲ್ಲಿ ಹತ್ತಿರದ ಗಿಡದ ಮೇಲೆ ಕೂರಿಸಿ. ಕೂಗು ಕೇಳಿಸುವಷ್ಟು ದೂರದಲ್ಲಿದ್ದರೆ ಹೆತ್ತವು ಹುಡುಕಿಕೊಂಡು ಬರುತ್ತವೆ.

ಎಲ್ಲ ಮಾಡಿದರೂ ಮರಿ ಉಳಿಯದೆ ಹೋಗಬಹುದು. ಪಿಕಳಾರದ ಗೂಡುಗಳಲ್ಲಿ ಬಹಳಷ್ಟು ಕಾಗೆ, ಕೆಂಬೂತ, ಓತಿಕ್ಯಾತ, ಹಾವಿನ ಪಾಲಾಗುತ್ತವೆ. ಅದು ನಿಮ್ಮ ತಪ್ಪಲ್ಲ ಅಂತ ಮಗನಿಗೆ ಮೊದಲೇ ಹೇಳಿಟ್ಟಿರಿ. ಒಂದು ಸಲ ಕೆಟ್ಟರೆ ಜೋಡಿ ಬೇಗನೆ ಇನ್ನೊಂದು ಗೂಡು ಕಟ್ಟುತ್ತದೆ. ನಮ್ಮ ಕಡೆ ಮುಖ್ಯವಾಗಿ ಡಿಸೆಂಬರ್‌ನಿಂದ ಮೇವರೆಗೆ ಅವುಗಳ ಸಂಸಾರದ ಕಾಲ.

ನಿಮ್ಮ ಎರಡನೇ ಮರಿ ಇವತ್ತೋ ನಾಳೆಯೋ ಇಳಿಯುತ್ತದೆ. ಅಲ್ಲಿಯವರೆಗೆ ಬಳ್ಳಿ ಕತ್ತರಿಸಬೇಡಿ, ಪೋರ್ಟಿಕೋ ತೊಳೆಯುವ ಪೈಪ್ ಆ ಕಡೆ ತಿರುಗಿಸಬೇಡಿ. ಹೊರಗಿಟ್ಟ ಬಕೆಟ್, ಗಿಡಕ್ಕೆ ನೀರು ತುಂಬಿಟ್ಟ ಡ್ರಮ್ ಎಲ್ಲಕ್ಕೂ ಮುಚ್ಚಳ ಹಾಕಿ, ಇಂಥ ಮರಿಗಳು ಅದರಲ್ಲಿ ಬಿದ್ದು ಸಾಯುವುದು ಮಾಮೂಲು. ಗಾಡಿ ತೆಗೆಯುವ ಮುಂಚೆ ಚಕ್ರದ ಹಿಂದೆ ಮುಂದೆ ಒಮ್ಮೆ ಬಗ್ಗಿ ನೋಡಿ.